ಕೀಲಿಗಾಗಿ ಒಂದು ಒಡಪು

ನಂಬಬೇಡಿ. ಹೈದರಾಬಾದಿನ ಮಲ್ಕಾಜ್‌ಗಿರಿಯ ಎರಡು ಕೋಣೆಯ ಮನೆಯಿಂದ ಹೊರಟ ನಾನು ವೆನಿಸ್ಸಿನ ಅರಮನೆಯಂಥ ಹೋಟೆಲಿನಲ್ಲಿ ಎರಡು ದಿನ ಮಲಗಿ ಎದ್ದವನು. ಬೇಕಾದರೆ ಪಣ ಕಟ್ಟಿ, ಸೋಲುತ್ತೀರಿ.

ಅಲ್ಲಿನ ರಾಜ್ಯ ಇನ್ನೂ ಎರಡಾಗಿ ಒಡೆದಿರಲಿಲ್ಲ. ನಮ್ಮ ಕಾರ್ಖಾನೆಗೆ ಯಂತ್ರ ಮಾರಿದವರು ಅದನ್ನು ಕಲಿಯಲು ನನ್ನನ್ನು ಇಟಲಿಗೆ ಕರೆಸಿದ್ದರು. ಕಲಿತು ಮುಗಿದ ಮೇಲೆ ಎರಡು ದಿನದ ಮೋಜು, ಹೆಂಡತಿಗೂ ಟಿಕೆಟ್ಟು. ನನ್ನನ್ನೇ ಏಕೆ ಆರಿಸಿದರು ಅಂತ ಕೇಳಬೇಡಿ. ಜನರಲ್ ಮ್ಯಾನೇಜರರಿಗೆ ಬೀಳ್ಕೊಡುಗೆ ಭಾಷಣ ಬರೆದುಕೊಟ್ಟು, ಅದರಲ್ಲಿ ನನ್ನನ್ನೇ ಹೊಗಳಿಸಿಕೊಂಡ ಆಸಾಮಿ ನಾನು.

ದೋಣಿ ನೇರ ಹೋಟೆಲಿನ ಮೆಟ್ಟಿಲಿಗೇ ಬಂದು ತಾಗಿತು. ಒಳಗೆ ಅಮೃತಶಿಲೆ, ಗಾಜಿನ ದೀಪಗುಚ್ಛ. ಕರಿ ಕೋಟಿನವನೊಬ್ಬ ಏನೋ ಕೇಳಿದ. ಕೇಳಿದ್ದು ಪಾಸ್‌ಪೋರ್ಟು. ನನ್ನ ನಾಲಗೆ ತುರಿಸಿತು.

"ಇಲ್ಲೂ ನಮ್ಮಂಗ ಪದ್ಧತಿ ಐತಿ ನೋಡು. ಹೆಂಡ್ತಿ ಗಂಡನ ಹೆಸರ ಹೇಳಿದ್ರನ ಕೀಲಿ ಕೊಡ್ತಾರಂತ."

"ಖರೇನ್ರಿ?"

"ಅದನ್ನ ಕೇಳಾಕತ್ತಾನ ಪಾಪ."

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆ ಮನೆಯಲ್ಲಿ ಬಾಗಿಲು ಅಡ್ಡಗಟ್ಟಿದಾಗ ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಸೇರಿಸಿ ಹೇಳುತ್ತಾರೆ. ನನ್ನವಳು ಅದರಲ್ಲಿ ಗಟ್ಟಿಗಿತ್ತಿ; ಹೇಳಿದ್ದನ್ನು ಮತ್ತೆ ಹೇಳಿದವಳಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡಳು, ಒಂದು ಗಳಿಗೆ ನೀರಿನತ್ತ ನೋಡಿದಳು. ಅಷ್ಟರಲ್ಲಿ ನಾನು ಪಾಸ್‌ಪೋರ್ಟುಗಳನ್ನು ಅವನತ್ತ ಸರಿಸಿದೆ.

"ಹೈದರಾಬಾದಿಂದ ಹಾರಿ ಬಂದೆ, ನೀರಾಗ ನಿಂತೈತಿ ಅರಮನಿ,
... ಜೋಡಿ ಇದ್ರ ನನಗ ಇದನ ತವರಮನಿ."

ಚುಕ್ಕೆ ಇಟ್ಟಲ್ಲಿ ನನ್ನ ಹೆಸರಿತ್ತು. ಆ ಮನುಷ್ಯನಿಗೆ ಏನು ತಿಳಿಯಿತೋ, ಬಗ್ಗಿ ನಮಸ್ಕರಿಸಿ ಕೀಲಿಯನ್ನು ಎರಡೂ ಕೈಯಿಂದ ಅವಳಿಗೇ ಕೊಟ್ಟ. ಎರಡು ದಿನವೂ ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ಕಿಟಕಿಯಲ್ಲಿ ನಿಂತು ಆ ಎರಡು ಸಾಲನ್ನು ತನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದಳು. ಆಗಲೇ ನಿಜ ಹೇಳಿ ಇಬ್ಬರೂ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಹೇಳಿದ್ದು ಊರಿಗೆ ಬಂದ ಮೇಲೆ, ಸತ್ಯನಾರಾಯಣ ಪೂಜೆಗೆ ಮನೆ ತುಂಬ ಜನ ಸೇರಿದಾಗ. ತಲೆಯ ಮೇಲೆ ಟವಲು ಹೊದ್ದು, ಅವಳದೇ ದನಿಯಲ್ಲಿ ಒಡಪು ಹೇಳಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು.

"ವೈನಿ, ಸ್ನಾನಕ್ಕ ಬಿಸಿನೀರಿಗೂ ಒಂದ ಒಡಪ ಕೇಳಿದ್ರೇನ್ರಿ?" ಅಂದ ನನ್ನ ತಮ್ಮ.

ಅವಳು ಪ್ರಸಾದದ ತಾಟು ಹಿಡಿದು ನಿಂತಿದ್ದಳು. "ಅಂವ ಕೇಳಿದ್ದು ಬ್ಯಾರೆ ಏನರೆ ಇತ್ತೇನ್ರಿ?"

"ಪಾಸ್‌ಪೋರ್ಟ ಕೇಳಿದ್ದ, ಹುಚ್ಚಿ!"

ಅವಳೂ ನಕ್ಕಳು. ಪ್ರಸಾದ ಎಲ್ಲರಿಗೂ ಹಂಚಿದಳು.

ಮಗಳ ಮದುವೆಯಲ್ಲಿ ಹೆಂಗಸರು ಬಾಗಿಲು ಹಿಡಿದು ನಿಂತು ನನ್ನವಳಿಗೆ ಒಡಪು ಕೇಳಿದರು. "ನನಗ ಮರತೈತ್ರಿ" ಅಂದು ಪಕ್ಕಕ್ಕೆ ಸರಿದಳು. ಎರಡನೆಯ ಮಗಳ ಮದುವೆಯಲ್ಲೂ ಅದೇ ಮಾತು. ಹೀಗಾಗಿ ಅವಳ ಬಾಯಲ್ಲಿ ನಾನು ನನ್ನ ಹೆಸರು ಕೇಳಿದ್ದು ಆ ಹೋಟೆಲಿನಲ್ಲೇ ಕೊನೆ.

ಹೋದ ವಾರ ಅಡುಗೆಮನೆಗೆ ಹೋಗಿ ಅಂದೆ, "ಅವತ್ತ ನನ್ನದ ತಪ್ಪಾತು. ಇನ್ನೊಂದ ಸಲ ಹೇಳ."

ಅವಳು ಸೌಟು ಕೆಳಗಿಟ್ಟಳು. "ಈಗ ಯಾವ ಕೀಲಿ ಬೇಕಾಗೇತ್ರಿ ನಿಮಗ?" ಅಂದು ನಕ್ಕಳು.

ಇಷ್ಟರಲ್ಲಿ ಸುಳ್ಳು ಒಂದೇ. ಹೋಟೆಲಲ್ಲ, ಒಡಪೂ ಅಲ್ಲ. ತಪ್ಪಾಯಿತು ಅಂದೆನಲ್ಲ, ಅದು. ಅಡುಗೆಮನೆಯವರೆಗೆ ಹೋದದ್ದು ನಿಜ. ಅವಳು ತಿರುಗಿ "ಏನ್ ಬೇಕಾಗಿತ್ರಿ?" ಅಂದಳು. ನೀರು ಅಂದೆ. ಕೊಟ್ಟಳು, ಕುಡಿದು ಹೊರಗೆ ಬಂದೆ.