ಊರಿಕೆ

ಮುಳಬಾಗಿಲು ಕಡೆಯ ವೀರಗಲ್ಲುಗಳ ಪುಸ್ತಕಕ್ಕೆ ಇನ್ನೊಂದೇ ಫೋಟೊ ಬಾಕಿಯಿತ್ತು. ದೇವರಾಯಸಮುದ್ರದ ಕೆರೆ ಏರಿ ಇಳಿದು ಹೋದರೆ, ಅಜ್ಜಿಯೊಬ್ಬರು ನಾನು ಫೋಟೊ ತೆಗೆಯಬೇಕಿದ್ದ ವೀರಗಲ್ಲಿಗೇ ಬೆನ್ನು ಕೊಟ್ಟು ಕೂತಿದ್ದಾರೆ.

"ಇಲ್ಲ್ಯಾಕೆ ಕೂತಿದ್ದೀರಜ್ಜಿ?"

"ಊರಿಕೆ."

ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡು, "ಯಾವ ಊರಿಗೆ?" ಎಂದೆ.

ಅಜ್ಜಿ ಬಾಯ್ತುಂಬ ನಕ್ಕರು. "ಊರಿಗಲ್ಲ ಕಣಮ್ಮ, ಊರಿಕೆ! ತೆಲುಗಲ್ಲಿ ಸುಮ್ನೆ ಅಂತ. ನೀನು ಯಾವ ಊರಿಗೆ?"

ದೇಶ ದೇಶ ಸುತ್ತಿದವಳು ನಾನು. ಮುಂದಿನ ಊರು ಯಾವುದೆಂದು ಸದಾ ಗೊತ್ತಿರುತ್ತದೆ, ಅಲ್ಲಿ ಕಾಯುವವರು ಮಾತ್ರ ಇರುವುದಿಲ್ಲ. ಮಾತು ತಪ್ಪಿಸಲು ಕಲ್ಲಿನ ಕಥೆ ಶುರುಮಾಡಿದೆ: ಕೆಳಗೆ ಕತ್ತಿ ಹಿಡಿದವನು ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತ, ಮೇಲೆ ಅಪ್ಸರೆಯರು ಅವನನ್ನು ತೋಳು ಹಿಡಿದು ಸ್ವರ್ಗಕ್ಕೆ ಒಯ್ಯುತ್ತಿದ್ದಾರೆ.

ಅಜ್ಜಿ ತಿರುಗಿ ನೋಡಿದರು. "ಅವರಾ? ಆಸ್ಪತ್ರೆ ನರ್ಸಮ್ಮಗಳು ಅಂದ್ಕೊಂಡಿದ್ದೆ. ಈಗ ಟೀವಿಯಲ್ಲಿ ಬಾಂಬ್ ಹಾಕ್ತಾವ್ರಲ್ಲ, ಅವರೂ ದನಕ್ಕೇನಾ?"

"ಇಲ್ಲಜ್ಜಿ, ನೆಲಕ್ಕೆ. ಎಣ್ಣೆಗೆ."

"ಹಂಗಾದ್ರೆ ಇವನೇ ವಾಸಿ. ಪಾಪ, ಒಬ್ನೇ ಇರ್ತಾನೆ ಅಂತ ಬಂದು ಕೂತ್ಕೋತೀನಿ."

ಬಿಸಿಲು ಇಳಿಯುತ್ತಿತ್ತು. ಸ್ವಲ್ಪ ಏಳುತ್ತೀರಾ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಅವರೇ ಪಕ್ಕಕ್ಕೆ ಸರಿದರು. ಫೋಟೊಗೆ ಜಾಗ ಬಿಟ್ಟರು ಅಂದುಕೊಂಡೆ.

"ಬಾ, ಕೂತ್ಕೋ," ಎಂದು ನೆಲ ತಟ್ಟಿದರು.

ಕೂತೆ. ಕೆತ್ತಿದ ದನವೊಂದರ ಕೊಂಬು ಬೆನ್ನಿಗೆ ಒತ್ತುತ್ತಿತ್ತು, ಆದರೂ ಕಲ್ಲು ಬೆಚ್ಚಗಿತ್ತು. ಕತ್ತಲಾಗುವವರೆಗೂ ಇಬ್ಬರೂ ಏಳಲಿಲ್ಲ.

ಬೆಳಕು ಸರಿಯಿರಲಿಲ್ಲ, ಫೋಟೊ ಆಗಲಿಲ್ಲ ಎಂದು ಪ್ರಕಾಶಕರಿಗೆ ಬರೆದಿದ್ದೇನೆ. ಪ್ರಕಾಶಕರ ಹತ್ತಿರ ಅಷ್ಟು ಸುಳ್ಳು ನಡೆಯುತ್ತದೆ.