ಮತ್ತೆ ಮುಂದೆ ಬಂದ ದವಡೆ

ಶಾಲೆಯಲ್ಲಿ ಅವಳಿಗೆ ‘ಡ್ರಾಯರ್’ ಎಂದು ಹೆಸರಿಟ್ಟಿದ್ದರು. ಕೆಳದವಡೆ ಅರ್ಧ ಎಳೆದುಬಿಟ್ಟ ಡ್ರಾಯರಿನಂತೆ ಮುಂದೆ ಚಾಚಿಕೊಂಡಿತ್ತು. ಹೆಸರಿಟ್ಟವರು ಚದುರಿಹೋದರು, ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ಅಣ್ಣನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದತೊಡಗಿದ ಮೇಲೂ ಅದೇ. ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ ಅವಳು. ದವಡೆಯ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದು ಊಟಕ್ಕಾಗಿ. ಮುಂದಿನ ಹಲ್ಲುಗಳು ಕೂಡದೆ ಒಂದು ಹಣ್ಣು ಕಚ್ಚಲೂ ಆಗುತ್ತಿರಲಿಲ್ಲ, ಅಗಿದರೆ ಕಿವಿಯ ಬುಡ ಸಿಡಿಯುತ್ತಿತ್ತು. ಆದರೂ ಅತ್ತಿಗೆ ಕಂಡಕಂಡವರಿಗೆಲ್ಲ, “ನಮ್ಮ ನಾದಿನಿಗೆ ಮದುವೆ ಆಸೆ ಹುಟ್ಟಿದೆ” ಎಂದು ಹೇಳಿಕೊಂಡು ಬಂದಳು.

ವೈದ್ಯರು ದವಡೆಯ ಮೂಳೆಯನ್ನು ಎರಡೂ ಕಡೆ ಕತ್ತರಿಸಿ, ಹಿಂದಕ್ಕೆ ಸರಿಸಿ, ಪುಟ್ಟ ಲೋಹದ ಪಟ್ಟಿಗಳಿಂದ ಬಿಗಿದರು. ವಾರಗಟ್ಟಲೆ ಸ್ಟ್ರಾದಲ್ಲಿ ಹೀರಿದ್ದೇ ಊಟ. ಬಾವು ಇಳಿದ ಮೇಲೆ ಕ್ಲಾರಿನೆಟ್ ಎತ್ತಿಕೊಂಡರೆ ತುಟಿಗೆ ಅದರ ಗುರುತೇ ಸಿಗಲಿಲ್ಲ. ಮಹಡಿಯ ಕೋಣೆಯ ಕಿಟಕಿ ಮುಚ್ಚಿಕೊಂಡು, ಒಂದೊಂದೇ ಸ್ವರ ಹಿಡಿದು ಮೊದಲಿನಿಂದ ಕಲಿತಳು. ಕೊನೆಗೊಂದು ದಿನ ಅಣ್ಣ ಡ್ರಮ್ ಬಡಿಯುವುದನ್ನು ನಿಲ್ಲಿಸಿ, “ಈಗ ಬಂತು ನೋಡು ದಾರಿಗೆ” ಎಂದ.

ಆ ಸುಖ ವರ್ಷವೂ ಬಾಳಲಿಲ್ಲ. ಮೇಲಿನ ಸ್ವರಗಳು ಕೀರಲಾಗತೊಡಗಿದವು. ಬಾಯಿಗಿಡುವ ತುದಿಯ ತೆಳು ಪಟ್ಟಿ, ರೀಡ್, ಕೆಟ್ಟಿರಬೇಕೆಂದು ಬದಲಿಸಿದಳು, ಅದೇ ಕೀರಲು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನಾಲಿಗೆಗೆ ತಿಳಿಯಿತು. ಮೇಲಿನ ಹಲ್ಲಿನ ಹಿಂದೆ ಕೂರಬೇಕಿದ್ದ ಕೆಳಹಲ್ಲು ಅದರ ಅಂಚಿಗೇ ಬಂದು ನಿಂತಿತ್ತು.

“ಎಲ್ಲ ನಿನ್ನ ಭ್ರಮೆ. ನೋಡೋಕೆ ಚೆನ್ನಾಗೇ ಇದೆಯಲ್ಲ,” ಎಂದಳು ಅತ್ತಿಗೆ.

“ನೋಡೋಕೆ ಅಂತ ಮಾಡಿಸಿಕೊಂಡಿದ್ದಲ್ಲ ಅತ್ತಿಗೆ. ಇನ್ನೊಂದು ಸಲ ಆ ಮಾತು ಎತ್ತಬೇಡಿ,” ಎಂದವಳೇ ಬಾಗಿಲು ದಢಾರನೆ ಎಳೆದುಕೊಂಡು ಆಸ್ಪತ್ರೆಗೆ ಹೋದಳು.

ವೈದ್ಯರು ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಹಿಡಿದು ನೋಡಿದರು. “ಸ್ವಲ್ಪ ಮುಂದೆ ಬಂದಿದೆ. ಸ್ನಾಯು ಎಳೆಯುತ್ತಲ್ಲ, ಕೆಲವರಿಗೆ ಹೀಗಾಗುತ್ತೆ.”

“ಹೀಗಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿಲ್ಲದೆ ಏನಮ್ಮ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ಎಲ್ಲಾ ಹೇಳ್ತಾ ಕೂತ್ರೆ ಹೆದರಿಕೊಂಡು ಯಾರೂ ಬರಲ್ಲ,” ಎಂದು ಅವರು ನಕ್ಕರು.

ಆ ನಗೆಗೆ ಅವಳ ಮೈಯೆಲ್ಲ ಉರಿದುಹೋಯಿತು. “ಹೆದರೋದು ಬಿಡೋದು ನನಗೆ ಬಿಟ್ಟಿದ್ದು ಡಾಕ್ಟ್ರೇ. ದವಡೆ ನನ್ನದು. ನೀವು ಹೇಳಿದ್ರೂ ಮಾಡಿಸಿಕೊಳ್ತಿದ್ದೆ, ಆದರೆ ಗೊತ್ತಿದ್ದು ಮಾಡಿಸಿಕೊಳ್ತಿದ್ದೆ.”

ನಗು ನಿಂತಿತು. ಹಲ್ಲಿಗೆ ತಂತಿ ಕಟ್ಟಿ, ಮೇಲಿನದಕ್ಕೂ ಕೆಳಗಿನದಕ್ಕೂ ರಬ್ಬರ್ ಹಾಕಿದರೆ ದವಡೆ ಇನ್ನಷ್ಟು ಜಾರುವುದನ್ನು ತಡೆಯಬಹುದು ಎಂದು ಅವರು ಗೊಣಗಿದರು. ಕಟ್ಟಿಸಿಕೊಂಡಳು. ಸಿಟ್ಟೇನೂ ಇಳಿಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಗದ್ದ ಮುಂದೆ ಬಂದ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. ಇವಳು ಹೋಗಿ ಎದುರಿಗೇ ನಿಂತಳು. “ಮಾಡಿಸಬೇಡ ಅನ್ನಲ್ಲಮ್ಮ. ದವಡೆ ಮತ್ತೆ ಎಷ್ಟು ಮುಂದೆ ಬರಬಹುದು ಅಂತ ಡಾಕ್ಟ್ರನ್ನ ಬಾಯಿಬಿಟ್ಟು ಕೇಳು. ಉತ್ತರ ಬರೋವರೆಗೂ ಕುರ್ಚಿ ಬಿಟ್ಟು ಏಳಬೇಡ.”

ನರ್ಸ್ ಓಡಿಬಂದಳು. “ಬಂದವರ ತಲೆ ಕೆಡಿಸಬೇಡಿ.”

“ತಲೆ ಕೆಡಿಸ್ತಿಲ್ಲ. ನೀವು ನುಂಗಿಕೊಂಡಿದ್ದನ್ನ ಹೇಳ್ತಿದ್ದೀನಿ.”

ರಬ್ಬರ್ ಬದಲಿಸಲು ಹೋದಾಗಲೆಲ್ಲ ಬೆಂಚಿನಲ್ಲಿ ಕೂತವರಿಗೆ ಅದನ್ನೇ ಹೇಳಿದಳು. ದವಡೆ ಅಲ್ಲಿಗೆ ನಿಂತಿತು; ಹಿಂದಕ್ಕಂತೂ ಹೋಗಲಿಲ್ಲ. ಕ್ಲಾರಿನೆಟ್ಟನ್ನು ಕೊಂಚ ಮೇಲೆತ್ತಿ ಹಿಡಿದು ಮತ್ತೊಮ್ಮೆ ಕಲಿತು ಬ್ಯಾಂಡಿಗೆ ಮರಳಿದಳು.

ವೈದ್ಯರು ಈಗೀಗ ಎಲ್ಲರಿಗೂ ಮೊದಲೇ ಹೇಳಿಬಿಡುತ್ತಾರಂತೆ ಎಂಬ ಸುದ್ದಿಯನ್ನು ಅಣ್ಣನೇ ತಂದ. “ಇನ್ನಾದರೂ ಸಮಾಧಾನ ಆಯ್ತಾ?”

“ನನಗೆ ಹೇಳಲಿಲ್ಲವಲ್ಲ,” ಎಂದು ಅವಳು ರೀಡನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಳ್ಳತೊಡಗಿದಳು.