ಮನ್ರೋಗೆ ಮುಂಚೆ ಪಿಸ್ಕಾಟವೇ

ಶನಿವಾರ ಬೆಳಿಗ್ಗೆ ಎಂಟೂವರೆಗೆ ರುದರ್‌ಫೋರ್ಡ್ ಸ್ಟೇಷನ್ನಿಗೆ ಬಂದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಸತ್ಯವೇದ ಮತ್ತು ನೋಟ್‌ಬುಕ್ಕು, ಇನ್ನೊಂದರಲ್ಲಿ ಡಬ್ಬಿ ತುಂಬ ಶೇಂಗಾ ಹೋಳಿಗೆ. ನವೆಂಬರಿನ ಗಾಳಿ ಕಿವಿ ಕೊರೆಯುತ್ತಿತ್ತು. ಧಾರವಾಡದಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ತಂಗಿ ಶಾಂತಾಳ ಮನೆಗೆಂದು ನ್ಯೂಜೆರ್ಸಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅರವತ್ತೆರಡು ದಾಟಿದವರಿಗೆ ಇಲ್ಲಿ ಅರ್ಧ ಟಿಕೆಟ್. ನನ್ನ ಬಿಳಿ ಕೂದಲು ನೋಡಿದ ಕಂಡಕ್ಟರ್ ವಯಸ್ಸಿನ ಪುರಾವೆ ಕೇಳಲಿಲ್ಲ.

ಹೋಗಬೇಕಾಗಿದ್ದದ್ದು ಮನ್ರೋಗೆ. ಅಲ್ಲಿ ಪ್ರಸನ್ನ ಎಂಬ ಮೈಸೂರಿನ ಇಂಜಿನಿಯರ್ ಮನೆಯಲ್ಲಿ ಪ್ರತಿ ಶನಿವಾರ ಹತ್ತು ಮಂದಿ ಕನ್ನಡ ಕ್ರೈಸ್ತರು ಕೂತು ಸತ್ಯವೇದ ಓದುತ್ತಾರೆ. ಟೀಚರ್ ಎಂಬ ಕಾರಣಕ್ಕೆ ಓದಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ಸುಮ್ಮನಿರಲಾರದೆ ನಾನೊಂದು ನಿಯಮ ಮಾಡಿದೆ: ಓದಿದ ಭಾಗವನ್ನು ಆ ವಾರ ನಡೆಸಿ ತೋರಿಸಬೇಕು. ಮುಂದಿನ ಶನಿವಾರ ಒಬ್ಬೊಬ್ಬರೂ 'ಹೌದು' ಇಲ್ಲವೇ 'ಇಲ್ಲ' ಎಂದಷ್ಟೇ ಹೇಳಬೇಕು. ಎಲ್ಲರೂ 'ಹೌದು' ಅನ್ನುವವರೆಗೆ ಪುಟ ತಿರುಗಿಸುವಂತಿಲ್ಲ.

ನೋಯಿಸಿದವರಿಗಾಗಿ ಪ್ರಾರ್ಥಿಸಬೇಕೆಂಬ ಭಾಗ ಬಂದಾಗ ಪಿಸ್ಕಾಟವೇಯ ಸುನಂದಾ ಮೂರು ವಾರ 'ಇಲ್ಲ' ಅಂದಳು. ನಲವತ್ತರ ಹೆಣ್ಣುಮಗಳು, ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸ. ಮೂರು ವಾರ ಹತ್ತು ಜನ ಅದೇ ಪುಟದಲ್ಲಿ ಕೂತೆವು. ಮೂರನೆಯ ಸಲ ನನ್ನ ಬಾಯಿ ತಡೆಯಲಿಲ್ಲ. "ಹಂಗಾದ್ರ ನೀ ಇಲ್ಲಿ ಬಂದು ಏನು ಉಪಯೋಗ?" ಎಂದುಬಿಟ್ಟೆ. ಮರುವಾರದಿಂದ ಅವಳು ಬರಲಿಲ್ಲ. ಪುಟ ಸಲೀಸಾಗಿ ತಿರುಗಿತು.

ಆಮೇಲೆ ನಾನು ಆರಿಸಿದ್ದು ಕಾಣಿಕೆಯ ಭಾಗ. ಕಾಣಿಕೆ ಒಯ್ಯುವಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ರಾಜಿಯಾಗು ಎನ್ನುವುದು ಅದರ ತಾತ್ಪರ್ಯ. ನಾನದನ್ನು ಸೊಗಸಾಗಿ ವಿವರಿಸಿದೆ. ಆ ವಾರ ಸುನಂದಾಗೆ ಫೋನೂ ಮಾಡಿದೆ. ಎರಡು ಸಲ ರಿಂಗಾದ ಕೂಡಲೇ ನಾನೇ ಕಟ್ ಮಾಡಿದೆ. ಹೋದ ಶನಿವಾರ ನನ್ನ ಸರದಿ ಬಂದಾಗ 'ಹೌದು' ಅಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಎಷ್ಟು ಮಕ್ಕಳಿಗೆ ಬೈದಿದ್ದೇನೋ.

ರೈಲು ಹತ್ತಿದ ಹತ್ತು ನಿಮಿಷಕ್ಕೆ ಸೀಕಾಕಸ್ ಬಂತು. ಇಲ್ಲಿ ಕೆಳಗಿನ ರೈಲು ಬಿಟ್ಟು ಮೇಲಿನ ರೈಲು ಹಿಡಿಯಬೇಕು, ನಡುವೆ ಗೇಟಿಗೆ ಟಿಕೆಟ್ ತೋರಿಸಬೇಕು. ಮೇಲಿನ ಪ್ಲಾಟ್‌ಫಾರಂನಲ್ಲಿ ಅರ್ಧ ಗಂಟೆ ಕಾದೆ. ಸುತ್ತ ಕಣ್ಣು ಹಾಯಿಸಿದಷ್ಟೂ ಒಣಗಿದ ಜೊಂಡು, ಅದರಾಚೆ ಗೋಡೌನುಗಳು. ಆವತ್ತಿನ ಪಾಠಕ್ಕೆಂದು ಬರೆದ ಟಿಪ್ಪಣಿ ತೆಗೆದೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ. ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಭಯ.

ನ್ಯೂ ಬ್ರನ್ಸ್‌ವಿಕ್‌ಗೆ ನಲವತ್ತು ನಿಮಿಷದ ದಾರಿ. ಪ್ರಸನ್ನ ಅಲ್ಲಿಗೆ ಕಾರು ತರುವುದು ವಾಡಿಕೆ. ಇಳಿಯುವ ಮುಂಚೆ ಅವನಿಗೆ ಫೋನ್ ಮಾಡಿ, ಬರಬ್ಯಾಡ ಎಂದೆ.

"ಯಾಕೆ ಆಂಟಿ, ಟ್ರೈನ್ ಡಿಲೇನಾ?"

"ಟ್ರೈನ್ ಬರೋಬ್ಬರಿ ಅದಪಾ. ಡಿಲೇ ಆದಾಕಿ ನಾನು."

ಟ್ಯಾಕ್ಸಿ ಹಿಡಿದು ಕಾಲು ಗಂಟೆಯಲ್ಲಿ ಪಿಸ್ಕಾಟವೇಯಲ್ಲಿ ಸುನಂದಾಳ ಅಪಾರ್ಟ್‌ಮೆಂಟಿನ ಮುಂದಿದ್ದೆ. ಬಾಗಿಲು ತೆಗೆದವಳು ನನ್ನನ್ನೂ ಚೀಲಗಳನ್ನೂ ನೋಡಿದಳು. ಒಳಗೆ ಕರೆದು ಕಾಫಿಗೆ ನೀರಿಟ್ಟಳು. ನಾನು ಹೋಳಿಗೆ ಡಬ್ಬಿ ತೆಗೆಯಹೋದರೆ, "ಅದು ಎಲ್ಲರಿಗೂ ತಂದಿದ್ದಲ್ವಾ ಟೀಚರ್? ಇರಲಿ" ಅಂದಳು.

"ಸುನಂದಾ, ನಂದು ತಪ್ಪಾತು. ಎಲ್ಲಾರ ಮುಂದ ಹಂಗ ಅನಬಾರದಿತ್ತು."

ಅವಳು ಒಲೆಯ ಉರಿ ತಗ್ಗಿಸಿದಳು. "ನಿಮ್ಮ ಮಿಸ್ಡ್ ಕಾಲ್ ನೋಡಿದೆ. ತಿರುಗಿ ಮಾಡ್ತೀರೇನೋ ಅಂತ ಆವತ್ತು ರಾತ್ರಿವರೆಗೂ ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ದೆ."

ನನಗೆ ಅಳು ಬಂತು. ಅವಳೇ ಮುಂದುವರಿಸಿದಳು: "ಅಪ್ಪನ ಅಂತ್ಯಕ್ರಿಯೆಗೆ ನನ್ನನ್ನ ಬರಗೊಡಲಿಲ್ಲ ನಮ್ಮಣ್ಣ. ಅವನಿಗೋಸ್ಕರ ಪ್ರಾರ್ಥನೆ ಮಾಡ್ದೆ ಅಂತ ಬಾಯಲ್ಲಿ ಹೇಳೋದು ಎಷ್ಟೊತ್ತಿನ ಕೆಲಸ ಟೀಚರ್? ಹೌದು ಅಂದಿದ್ರೆ ಎಲ್ಲರಿಗೂ ಅನುಕೂಲ ಆಗ್ತಿತ್ತು. ಸತ್ಯವೇದದ ಮುಂದೆ ಕೂತು ಸುಳ್ಳು ಹೇಳೋಕೆ ನನ್ ಕೈಲಿ ಆಗ್ಲಿಲ್ಲ."

ಅಂಥ ಸುಳ್ಳನ್ನು ನಾನು ಹೇಳಿದ್ದೆ. ಯಾವ ಕಷ್ಟವೂ ಇಲ್ಲದೆ ಹೇಳಿದ್ದೆ. ಅವಳಿಗೆ ಅಷ್ಟನ್ನೂ ಒಪ್ಪಿಸಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ಕಾಫಿ ಕೊಟ್ಟಳು. ಕುಡಿದಾದ ಮೇಲೆ ಕಾರಿನ ಕೀ ತೆಗೆದುಕೊಂಡು, "ಮನ್ರೋಗೆ ಬಿಡ್ತೀನಿ ಬನ್ನಿ, ಲೇಟಾಯ್ತು" ಅಂದಳು.

ಅರ್ಧ ಗಂಟೆ ಡ್ರೈವ್ ಮಾಡುವಾಗ ಹವೆಯ ವಿಚಾರ ಬಿಟ್ಟು ಬೇರೆ ಮಾತಾಡಲಿಲ್ಲ. ಪ್ರಸನ್ನನ ಮನೆ ಮುಂದೆ ಇಂಜಿನ್ ಆರಿಸದೆ ಕೂತಳು. "ನಂದು ಇನ್ನೂ 'ಇಲ್ಲ'ನೇ ಟೀಚರ್. ಒಳಗೆ ಬಂದ್ರೆ ಅದನ್ನೇ ಹೇಳ್ತೀನಿ."

"ಹೇಳು. ಆದ್ರ ಮೊದಲ ನಾ ಹೇಳ್ತೀನಿ."

ಅವಳು ಇಂಜಿನ್ ಆರಿಸಿದಳು.

ನಾವು ಒಳಗೆ ಹೋದಾಗ ಹನ್ನೊಂದೂವರೆ ದಾಟಿತ್ತು. ನೆಲಮಾಳಿಗೆಯಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ದೊಡ್ಡವರು ಎರಡು ಹಾಡು ಮುಗಿಸಿ ನನಗಾಗಿ ಕಾಯುತ್ತಿದ್ದರು. ಸುನಂದಾಳನ್ನು ಕಂಡು ಸೋಫಾದಲ್ಲಿ ಸರಿದು ಜಾಗ ಮಾಡಿದರು. ನಾನು ಕೂರಲಿಲ್ಲ. "ಹೋದ ಶನಿವಾರ ನಾ 'ಹೌದು' ಅಂದೆ. ಅದು ಸುಳ್ಳು" ಎಂದೆ.

ಪ್ರಸನ್ನ ಕೈಯಲ್ಲಿದ್ದ ಹಾಡಿನ ಪುಸ್ತಕ ಮುಚ್ಚಿದ. "ಹಾಗಿದ್ರೆ ನಂದೂ 'ಇಲ್ಲ', ಆಂಟಿ. ಸುಮಾರು ವಾರದಿಂದ." ಅವನ ಹೆಂಡತಿ ಗ್ರೇಸ್ ಅವನನ್ನು ನೋಡಿ, "ನಂದೂ" ಅಂದಳು. ಸೋಫಾದ ಆ ತುದಿಯವರೆಗೂ 'ಇಲ್ಲ' ಬಂತು. ಕೊನೆಗೆ ಸುನಂದಾ ತನ್ನದನ್ನೂ ಹೇಳಿದಳು.

ಟಿಪ್ಪಣಿಯನ್ನು ಚೀಲದಲ್ಲೇ ಬಿಟ್ಟು, ತಿಂಗಳ ಹಿಂದೆ ಅವಳು ನಮ್ಮನ್ನು ನಿಲ್ಲಿಸಿದ್ದ ಪುಟವನ್ನೇ ತೆಗೆದೆವು. ಯಾರು ಯಾರಿಗಾಗಿ ಪ್ರಾರ್ಥಿಸಲಾರೆವೆಂದು ಒಬ್ಬೊಬ್ಬರಾಗಿ ಹೇಳಿಕೊಂಡೆವು. ಸುನಂದಾಳ ಅಣ್ಣನಿಗಾಗಿ, ಅವಳ ಬದಲಿಗೆ, ಗ್ರೇಸ್ ಪ್ರಾರ್ಥಿಸಿದಳು. ಸುನಂದಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಹೋಳಿಗೆ ಹಂಚಿದೆವು.

ಸಂಜೆ ಐದಕ್ಕೆ ಮತ್ತೆ ಸೀಕಾಕಸ್. ಜೊಂಡಿನ ಮೇಲೆ ಕತ್ತಲಾಗಿತ್ತು, ಚೀಲ ಹಗುರವಾಗಿತ್ತು. ರುದರ್‌ಫೋರ್ಡ್‌ನಲ್ಲಿ ಕರೆದೊಯ್ಯಲು ಬಂದ ಶಾಂತಾ ಕಾರಿನಲ್ಲಿ ಕೇಳಿದಳು, "ಅಕ್ಕಾ, ಪಾಠ ಎಲ್ಲೀತನಕಾ ಬಂತು?"

"ತಿಂಗಳ ಹಿಂದಕ್ಕ ಹೋತು" ಎಂದೆ, ಖುಷಿಯಿಂದಲೇ.